ಮೈಕಿಗೆ ಕೇಳಿಸಿದ ಹೊಟ್ಟೆ

“ಅಕ್ಕಾ, ಹೊಟ್ಟೆ. ಇನ್ನೊಂದ್ಸಲ ತಗೊಳ್ಳೋಣ.”

ಹೆಡ್‌ಫೋನಿನಲ್ಲಿ ಈ ಮಾತು ಕೇಳಿದಾಗಲೆಲ್ಲ ನನಗೆ ಪಿತ್ತ ನೆತ್ತಿಗೇರುತ್ತದೆ. ಹೇಳುವವನು ಗಾಜಿನ ಆಚೆ ಕೂತ ನಮ್ಮ ಸೌಂಡ್ ಇಂಜಿನಿಯರು. ಸೊಳ್ಳೆ ಆಕಳಿಸಿದರೂ ಅವನಿಗೆ ಕೇಳುತ್ತದೆ ಎಂದು ಸ್ಟುಡಿಯೋದಲ್ಲಿ ಎಲ್ಲರೂ ಅವನನ್ನು ಕಿವಿಯಪ್ಪ ಎಂದೇ ಕರೆಯುತ್ತಾರೆ. ಅವನದೇನೂ ತಪ್ಪಿಲ್ಲ, ತಪ್ಪು ನನ್ನ ಹೊಟ್ಟೆಯದು. ಆದರೆ ಹೊಟ್ಟೆಗೆ ಬೈದರೆ ಅದು ಇನ್ನಷ್ಟು ಗುರುಗುಟ್ಟುತ್ತದೆ. ಅದಕ್ಕೇ ಅವನಿಗೆ ಬೈಯುತ್ತೇನೆ, ಅದೂ ಮನಸ್ಸಿನಲ್ಲಿ.

ನನ್ನ ಕೆಲಸ ಕಾರ್ಟೂನುಗಳಿಗೆ ಕಂಠ ಕೊಡುವುದು. ಬೇರೆ ಯಾವುದೋ ಭಾಷೆಯಲ್ಲಿ ತಯಾರಾದ ಬೊಂಬೆಗಳು ನಮ್ಮ ಮಕ್ಕಳ ಎದುರು ನಮ್ಮ ಮಾತಿನಲ್ಲೇ ಜಗಳವಾಡಬೇಕಲ್ಲ, ಅದಕ್ಕೆ ನಮ್ಮಂಥವರು ಬೇಕು. ಏಳು ವರ್ಷದಿಂದ ನಾನು ಮೊಂಡ. ಮೊಂಡ ಎಂದರೆ ಎಂಟು ವರ್ಷದ ಹುಡುಗ. ಅಪ್ಪನ ಬೂಟು ಹಾಕಿಕೊಂಡು ಊರೆಲ್ಲ ತಿರುಗುತ್ತಾನೆ. ಯಾರು ಏನು ಹೇಳಿದರೂ ಎದುರು ಮಾತಾಡುತ್ತಾನೆ. ನನಗೆ ನಲವತ್ತಾರು ವರ್ಷ, ಎದುರು ಮಾತಾಡಿ ಅಭ್ಯಾಸವೇ ಇಲ್ಲ. ಮನೆಯಲ್ಲಿ ಅತ್ತೆಗೆ ‘ಹೂಂ’, ಸ್ಟುಡಿಯೋದಲ್ಲಿ ಡೈರೆಕ್ಟರ್ ಮೇಡಂಗೆ ‘ಆಯ್ತು ಮೇಡಂ’, ಬಸ್ಸಿನಲ್ಲಿ ಕಾಲು ತುಳಿದವನಿಗೆ ‘ಪರವಾಗಿಲ್ಲ’. ಆ ಗಾಜಿನ ಕೋಣೆಗೆ ಹೊಕ್ಕು ಮೊಂಡನಾದ ಮೇಲೆ ಮಾತ್ರ ನನ್ನನ್ನು ಹಿಡಿಯುವವರಿಲ್ಲ. ಪೊಲೀಸನಿಗೂ ಬೈದಿದ್ದೇನೆ, ರಾಜನಿಗೂ ಬೈದಿದ್ದೇನೆ, ಒಂದು ಸಲ ಚಂದ್ರನಿಗೇ ‘ಏನು ಗುರಾಯಿಸ್ತೀಯಾ’ ಎಂದಿದ್ದೇನೆ. ಮೊಂಡನನ್ನು ಕಳೆದುಕೊಂಡರೆ ನನ್ನ ಪಾಲಿಗೆ ಉಳಿಯುವುದು ಬರೀ ‘ಹೂಂ’. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಹೇಳಲು ಹೊರಟಿರುವುದು ಅವನು ಕೈತಪ್ಪುವ ಹಾಗಾದ ವಾರದ ಕತೆ.

ಮೂರು ವರ್ಷದ ಹಿಂದೆ ನನ್ನ ಥೈರಾಯ್ಡ್ ಗ್ರಂಥಿ ಸೋಮಾರಿಯಾಯಿತು. ಡಾಕ್ಟರು ಮಾತ್ರೆ ಬರೆದುಕೊಟ್ಟರು, ಎರಡೇ ತಿಂಗಳಲ್ಲಿ ಎಲ್ಲ ಸರಿಹೋಯಿತು. ಆಮೇಲೆ ಕಳೆದ ವರ್ಷದಿಂದ ಏನಾಯಿತೋ ಏನೋ, ಮಾತ್ರೆ ನುಂಗಿದರೂ ನುಂಗದಿದ್ದರೂ ಒಂದೇ ಎನ್ನುವ ಹಾಗಾಯಿತು. ಡಾಕ್ಟರು ಎರಡು ಸಲ ಡೋಸು ಹೆಚ್ಚಿಸಿದರು. ರಕ್ತದ ರಿಪೋರ್ಟು ಅಲ್ಲೇ ಕೂತಿತ್ತು. ಮೈ ಭಾರ, ನಾಲಿಗೆ ಭಾರ, ಕಂಠ ದಪ್ಪ. ಅದೆಲ್ಲವನ್ನೂ ಸಹಿಸಿಕೊಳ್ಳುತ್ತಿದ್ದೆ, ಹೊಟ್ಟೆಯ ಅವತಾರವನ್ನು ಮಾತ್ರ ಸಹಿಸಲಾಗುತ್ತಿರಲಿಲ್ಲ. ಉಂಡದ್ದು ಉಂಡಲ್ಲೇ ಕೂರುತ್ತಿತ್ತು. ಬೆಳಿಗ್ಗೆ ಕಕ್ಕಸಿಗೆ ಹೋದವಳು ಕಾದು ಕಾದು ಬರಿಗೈಯಲ್ಲಿ ವಾಪಸು ಬರುತ್ತಿದ್ದೆ. ಎರಡು ತುತ್ತು ತಿಂದರೆ ಹೊಟ್ಟೆ ಮದ್ದಳೆ. ತಿನ್ನದಿದ್ದರೆ ಎದೆಯುರಿ. ತೇಗು ಯಾವ ಹೊತ್ತಿಗೆ ಬರುತ್ತದೆಂದು ಅದಕ್ಕೇ ಗೊತ್ತಿರಲಿಲ್ಲ.

ಬೇರೆ ಯಾವ ಕೆಲಸದಲ್ಲಿದ್ದರೂ ಇದನ್ನು ಸೆರಗಿನ ಮರೆಯಲ್ಲಿ ಮುಗಿಸಬಹುದಿತ್ತು. ನನ್ನದು ಮೈಕಿನ ಮುಂದಿನ ಬದುಕು. ನಮ್ಮಲ್ಲಿ ಒಂದು ಪದ್ಧತಿಯಿದೆ: ಕಂತಿನ ಕೆಲಸ ಮುಗಿದ ಮೇಲೆ ಎಲ್ಲರೂ ಇದ್ದಲ್ಲೇ ನಿಂತು, ಫ್ಯಾನು, ಏಸಿ ಆರಿಸಿ, ಅರ್ಧ ನಿಮಿಷ ಕೋಣೆಯ ಮೌನವನ್ನೇ ರೆಕಾರ್ಡ್ ಮಾಡಿಕೊಳ್ಳುತ್ತೇವೆ. ಮಾತು ಮಾತಿನ ನಡುವಿನ ಸಂದಿಗೆ ಆಮೇಲೆ ಆ ಮೌನವನ್ನು ಕತ್ತರಿಸಿ ಅಂಟಿಸುತ್ತಾರೆ. ಮೂಗರೂ ಮಾಡಬಹುದಾದ ಕೆಲಸ. ನನ್ನ ಕೈಯಲ್ಲಿ ಅದೂ ಆಗುತ್ತಿರಲಿಲ್ಲ. ವಾಚು ಬಿಚ್ಚಿಟ್ಟು, ಸದ್ದು ಮಾಡದ ಹತ್ತಿಬಟ್ಟೆ ಉಟ್ಟು, ಕಂಬದ ಹಾಗೆ ನಿಂತರೆ ಸರಿಯಾಗಿ ಅದೇ ಹೊತ್ತಿಗೆ ಹೊಟ್ಟೆಯೊಳಗೆ ಯಾರೋ ಮಂಚ ಎಳೆದ ಹಾಗೆ ಸದ್ದು. ಅಕ್ಕಪಕ್ಕದವರು ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತಿದ್ದರು. ನಾನು ಏನೂ ಆಗದವಳ ಹಾಗೆ ಸೂರು ನೋಡುತ್ತಿದ್ದೆ. ಮೇಡಂ ಕೇಳಿದರೆ “ಗಂಟಲು ಸ್ವಲ್ಪ ಸರಿಯಿಲ್ಲ ಮೇಡಂ” ಎನ್ನುತ್ತಿದ್ದೆ. ಗಂಟಲು ಮರ್ಯಾದಸ್ಥ ಅಂಗ. ಹೊಟ್ಟೆಯ ಹೆಸರು ಹೇಳಿದರೆ ಮುಂದಿನ ಪ್ರಶ್ನೆಗಳಿಗೆ ಯಾರು ಉತ್ತರ ಕೊಡುತ್ತಾರೆ?

ಸಲಹೆಗೇನು ಬರ. ಕಿವಿಯಪ್ಪ ತನ್ನ ಡ್ರಾಯರಿನಿಂದ ಜಗಿಯುವ ಬಿಳಿ ಮಾತ್ರೆಯ ಪಟ್ಟಿ ತೆಗೆದುಕೊಟ್ಟ. “ಆಸಿಡಿಟಿಗೆ ಇದು ತಗೊಳ್ಳಿ ಅಕ್ಕಾ, ಆದ್ರೆ ಮನೇಲೇ ಜಗ್ದು ಬನ್ನಿ. ಇಲ್ಲಿ ಜಗಿದ್ರೆ ಅದೂ ರೆಕಾರ್ಡ್ ಆಗತ್ತೆ,” ಎಂದ. ಅತ್ತೆ ಹೊಟ್ಟೆ ಸಲೀಸಾಗಲೆಂದು ತಾವು ಕುಡಿಯುವ ನಾರಿನ ಪುಡಿಯ ಡಬ್ಬಿಯಲ್ಲಿ ನನಗೂ ಪಾಲು ಕೊಟ್ಟರು. “ನಮ್ಮ ಕಾಲದಲ್ಲಿ ಹೊಟ್ಟೆ ಅನ್ನೋದು ಒಳಗಿರೋ ವಸ್ತು ಆಗಿತ್ತಮ್ಮಾ. ನಿನ್ನದೇನು, ಊರಿಗೆಲ್ಲ ಕೇಳ್ಸತ್ತೆ,” ಎಂಬ ಮಾತು ಪುಡಿಯ ಜೊತೆಗೆ ಉಚಿತ. ಇದಕ್ಕೆಲ್ಲ ಮೊದಲೇ, ವರ್ಷದ ಹಿಂದೆ, ನನ್ನ ಅಕ್ಕ ಫೋನಿನಲ್ಲಿ, ಈ ವಯಸ್ಸಿಗೆ ಮೂಳೆ ಸವೆಯುತ್ತದೆಂದು ಹೆದರಿಸಿ ಕ್ಯಾಲ್ಸಿಯಂ ಶುರುಮಾಡಿಸಿದಳು.

ಇಷ್ಟೆಲ್ಲವನ್ನೂ ಒಂದು ಶಿಸ್ತಿಗೆ ತಂದವರು ನನ್ನ ಗಂಡ. ಅವರು ಒಂದು ಗೋದಾಮಿನಲ್ಲಿ ಸ್ಟೋರ್‌ಕೀಪರು. ಹುಟ್ಟಿದಾಗಿನಿಂದಲೂ ಸ್ಟೋರ್‌ಕೀಪರೇ ಇರಬೇಕು. ನಮ್ಮ ಮನೆಯಲ್ಲಿ ಗುಂಡುಸೂಜಿಗೂ ಒಂದು ವಿಳಾಸವಿದೆ. ಖಾನೆಗಳಿರುವ ಪ್ಲಾಸ್ಟಿಕ್ ಪೆಟ್ಟಿಗೆ ತಂದು, ಪ್ರತಿ ಖಾನೆಗೂ ಚೀಟಿ ಅಂಟಿಸಿ, ವಾರದ ಮಾತ್ರೆಗಳನ್ನು ಭಾನುವಾರವೇ ತುಂಬಿಡುತ್ತಿದ್ದರು. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಯಲ್ಲಿ ನುಂಗಬೇಕೆಂದು ಡಾಕ್ಟರು ಹೇಳಿದ್ದು ಅವರ ತಲೆಯಲ್ಲಿ ಕಲ್ಲಿನ ಗೆರೆಯ ಹಾಗೆ ಕೂತಿತ್ತು. ಅಲ್ಲಿಂದ ಮುಂದಿನ ಲೆಕ್ಕಾಚಾರ ಅವರ ಸ್ವಂತದ್ದು.

“ಊಟ ಅಡ್ಡ ಬಂದ್ರೆ ಒಂದು ಮಾತ್ರೆ ಕೆಲಸ ಮಾಡಲ್ಲ ಅಂದ್ಮೇಲೆ ಉಳಿದ ಮಾತ್ರೆಗಳು ಮಾತ್ರ ಹೇಗೆ ಮಾಡ್ತವೆ ಹೇಳು? ಖಾಲಿ ಇರೋವಾಗ್ಲೇ ಎಲ್ಲಾ ಒಳಗೆ ಹೋಗ್ಬಿಡ್ಲಿ. ಲಾರಿ ಅಂದ್ಮೇಲೆ ಒಂದೇ ಟ್ರಿಪ್ಪಲ್ಲಿ ತುಂಬಿ ಕಳಿಸ್ಬೇಕು. ಅರ್ಧ ಖಾಲಿ ಓಡಿಸಿದ್ರೆ ನಷ್ಟ.”

ಹಾಗಾಗಿ ದಿನಾ ಬೆಳಿಗ್ಗೆ ನಾನು ಕಣ್ಣು ಬಿಡುವ ಹೊತ್ತಿಗೆ ಒಂದು ಪುಟ್ಟ ಬಟ್ಟಲಿನಲ್ಲಿ ಥೈರಾಯ್ಡ್ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಬಿಳಿ ಮಾತ್ರೆ ಎಲ್ಲ ಒಟ್ಟಿಗೆ ಕಾದಿರುತ್ತಿದ್ದವು. ನುಂಗಲು ಪಕ್ಕದಲ್ಲಿ ನಾರಿನ ಪುಡಿ ಕದಡಿದ ನೀರು. ನಾನು ಕಣ್ಣು ಮುಚ್ಚಿ ನುಂಗುತ್ತಿದ್ದೆ. ಅವರು ಲೋಟ ಖಾಲಿಯಾಗುವ ತನಕ ನಿಂತು ನೋಡಿ, ಸರಕು ತಲುಪಿದ ಸಮಾಧಾನದಲ್ಲಿ ಹಲ್ಲುಜ್ಜಲು ಹೋಗುತ್ತಿದ್ದರು.

ಆ ವಾರದ ಮಂಗಳವಾರ ಮೇಡಂ ನನ್ನನ್ನು ಕೂರಿಸಿಕೊಂಡು ಹೇಳಿದರು. ಚಾನೆಲ್ಲಿನಿಂದ ದೂರು ಬಂದಿತ್ತು. ಹುಡುಗನಿಗೆ ವಯಸ್ಸಾಗಿದೆ ಅನ್ನಿಸುತ್ತಿದೆಯಂತೆ.

“ನೀವು ಕೆಟ್ಟದಾಗಿ ಮಾಡ್ತಿದೀರ ಅಂತ ಅಲ್ಲ. ಆದ್ರೆ ಮುಂದಿನ ಸೋಮವಾರ ಒಂದು ಟೆಸ್ಟ್ ಇಟ್ಕೊಂಡಿದೀನಿ. ನೀವೂ ಮಾಡಿ, ಹೊಸ ಹುಡುಗಿ ಒಬ್ಳು ಇದಾಳೆ, ಅವಳೂ ಮಾಡ್ಲಿ. ಒಂದೇ ಸೀನ್. ಆಮೇಲೆ ನನ್ನ ಅಭಿಪ್ರಾಯ ಬರೆದು ಕಳಿಸ್ತೀನಿ, ಅವರು ಅದನ್ನೇ ಒಪ್ಕೋತಾರೆ.”

“ಆಯ್ತು ಮೇಡಂ,” ಎಂದೆ. ನಾನು ಇನ್ನೇನು ಹೇಳಿಯೇನು.

ಮರುದಿನ ರಜೆ ಹಾಕಿ ಡಾಕ್ಟರ ಹತ್ತಿರ ಹೋದೆ. ಗಂಡನೂ ಜೊತೆಗೆ ಬಂದರು, ಪೆಟ್ಟಿಗೆ ಸಮೇತ. ಡಾಕ್ಟರು ಹೊಸ ರಿಪೋರ್ಟು ನೋಡಿ ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು.

“ಈ ಡೋಸಿಗೆ ಕುದುರೆ ಆದ್ರೂ ಎದ್ದು ಓಡ್ಬೇಕಿತ್ತು. ಮಾತ್ರೆ ಬಿಟ್ಟುಬಿಟ್ಟು ತಗೋತಿದೀರಾ?”

“ಒಂದು ದಿನಾನೂ ತಪ್ಸಿಲ್ಲ ಡಾಕ್ಟ್ರೇ,” ಎಂದರು ನನ್ನ ಗಂಡ, ಅವಮಾನವಾದವರ ಹಾಗೆ. “ಖಾಲಿ ಹೊಟ್ಟೇಲೇ. ನಾನೇ ಕೈಯಾರೆ ಕೊಡ್ತೀನಿ.”

“ಅದರ ಜೊತೆಗೆ ಬೇರೆ ಏನಾದ್ರೂ?”

ಈ ಪ್ರಶ್ನೆಗಾಗಿಯೇ ವರ್ಷದಿಂದ ಕಾಯುತ್ತಿದ್ದವರ ಹಾಗೆ ಅವರು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದರು. ಗುರುವಾರದ ಖಾನೆಯನ್ನು ಬೆರಳಿನಿಂದ ತೋರಿಸಿ ಒಂದೊಂದೇ ಹೆಸರು ಹೇಳಿದರು. ಪುಡಿ ಕದಡಿದ ನೀರನ್ನೂ ಬಿಡಲಿಲ್ಲ. ಕೊನೆಯಲ್ಲಿ “ಒಂದೇ ಟ್ರಿಪ್” ಎಂದೂ ಸೇರಿಸಿದರು. ಡಾಕ್ಟರು ಪೆನ್ನು ಕೆಳಗಿಟ್ಟರು.

“ಎಷ್ಟು ದಿನದಿಂದ ಹೀಗೆ?”

“ಒಂದು ವರ್ಷ ಆಯ್ತು,” ಎಂದೆ ನಾನು.

“ಆ ಥೈರಾಯ್ಡ್ ಮಾತ್ರೆ ಒಂಟಿಯಾಗಿ ಹೋಗ್ಬೇಕಮ್ಮಾ. ಬರೀ ನೀರಲ್ಲಿ. ಈ ಕ್ಯಾಲ್ಸಿಯಂ, ಈ ಬಿಳಿ ಮಾತ್ರೆ, ಈ ಪುಡಿ, ಎಲ್ಲಾ ಸೇರಿ ಅದನ್ನ ಹೊಟ್ಟೇಲೇ ಹಿಡ್ಕೊಂಡ್ ಕೂತ್ಬಿಡ್ತವೆ. ರಕ್ತಕ್ಕೆ ಸೇರೋಕೆ ಬಿಡಲ್ಲ. ಅದು ಸೇರ್ಲಿಲ್ಲ ಅಂದ್ರೆ ಥೈರಾಯ್ಡ್ ಇಳಿಯತ್ತೆ. ಥೈರಾಯ್ಡ್ ಇಳಿದ್ರೆ ಕರುಳು ನಿಧಾನ ಆಗತ್ತೆ. ಮಲಬದ್ಧತೆ, ಗ್ಯಾಸು, ಹೊಟ್ಟೆಯುಬ್ಬರ. ಅದಕ್ಕೆ ನೀವು ಇನ್ನಷ್ಟು ಬಿಳಿ ಮಾತ್ರೆ, ಇನ್ನಷ್ಟು ಪುಡಿ.”

ಎತ್ತು ಏರಿಗೆಳೀತು, ಕೋಣ ನೀರಿಗೆಳೀತು. ನಡುವೆ ನಾನು ಒಂದು ವರ್ಷ ಗಾಡಿಯ ಹಾಗೆ ನಿಂತಿದ್ದೆ. ಹೊಟ್ಟೆಯನ್ನು ಸುಮ್ಮನಾಗಿಸಲು ನುಂಗಿದ್ದೆಲ್ಲ ಹೊಟ್ಟೆ ಕೆಡಿಸಲು ನುಂಗಿದ್ದಾಗಿತ್ತು. ಡಾಕ್ಟರು ಡೋಸನ್ನು ಮೊದಲಿನಷ್ಟಕ್ಕೇ ಇಳಿಸಿ, ಉಳಿದದ್ದಕ್ಕೆಲ್ಲ ನಾಲ್ಕು ಗಂಟೆಯ ಅಂತರವಿರಲಿ ಎಂದರು. ಆರು ವಾರ ಬಿಟ್ಟು ಮತ್ತೆ ರಕ್ತ ಪರೀಕ್ಷೆ.

“ಸೋಮವಾರದೊಳಗೆ ಕಂಠ ಸರಿಹೋಗತ್ತಾ ಡಾಕ್ಟ್ರೇ?”

“ಯಾವ ಸೋಮವಾರ?”

“ಬರೋ ಸೋಮವಾರ.”

“ಆರು ವಾರ ಅಂದ್ನಲ್ಲಮ್ಮಾ.”

ದಾರಿಯುದ್ದಕ್ಕೂ ನನ್ನ ಗಂಡ ಪೆಟ್ಟಿಗೆಯನ್ನು ಎದೆಗೆ ಅವುಚಿಕೊಂಡು, ಕೊಟ್ಟ ಸರಕೆಲ್ಲ ವಾಪಸು ಬಂದವರ ಹಾಗೆ ನಡೆಯುತ್ತಿದ್ದರು. ಮನೆಯ ತಿರುವಿನಲ್ಲಿ ನಿಂತು, “ನನ್ನಿಂದ ತಪ್ಪಾಯ್ತು ಕಣೇ. ಹೊಟ್ಟೆಗೆ ಹಾಕ್ಕೋ,” ಎಂದರು.

“ವರ್ಷದಿಂದ ಹಾಕ್ಕೊಂಡಿದ್ದೇ ಅದನ್ನ ರೀ. ಅದಕ್ಕೇ ಈ ಗತಿ ಬಂದಿದ್ದು.”

ಅವರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ನಾನೂ ನಗಲಿಲ್ಲ. ಮೈಯೆಲ್ಲ ಉರಿಯುತ್ತಿತ್ತು. ಗಂಡ, ಅತ್ತೆ, ಅಕ್ಕ, ಕಿವಿಯಪ್ಪ, ಒಬ್ಬರಿಗೂ ನನ್ನ ಮೇಲೆ ದ್ವೇಷವಿರಲಿಲ್ಲ. ಎಲ್ಲರೂ ಪ್ರೀತಿಯಿಂದಲೇ ಕೊಟ್ಟದ್ದು. ದ್ವೇಷದಿಂದ ಕೊಟ್ಟಿದ್ದರೆ ಜಗಳವಾದರೂ ಆಡಬಹುದಿತ್ತು. ಪ್ರೀತಿಯಿಂದ ಕೊಟ್ಟವರ ಜೊತೆ ಜಗಳವಾಡಿ ಗೆದ್ದವರು ಯಾರಿದ್ದಾರೆ? ಮನೆಯಲ್ಲಿ ವಿಷಯ ಹೇಳಿದಾಗ ಅತ್ತೆ ಡಬ್ಬಿಯನ್ನು ನನ್ನ ಕೈಯಿಂದ ಕಿತ್ತುಕೊಂಡರು.

“ನನ್ನ ಪುಡಿ ಮೇಲೆ ಅಪವಾದ ಬೇಡ. ಮೂವತ್ತು ವರ್ಷದಿಂದ ಕುಡೀತಿದೀನಿ, ಗಡಿಯಾರದ ಹಾಗಿದೀನಿ.”

“ಹೂಂ,” ಎಂದೆ.

ಶನಿವಾರ ಧೈರ್ಯ ಮಾಡಿ ಮೇಡಂಗೆ ಫೋನು ಮಾಡಿದೆ. ಟೆಸ್ಟನ್ನು ಸ್ವಲ್ಪ ಮುಂದಕ್ಕೆ ಹಾಕಲಾಗುತ್ತದೆಯೇ, ಗಂಟಲು ಸರಿಯಿಲ್ಲ ಎಂದೆ. “ಗಂಟಲು ಅಂತ ವರ್ಷದಿಂದ ಹೇಳ್ತಿದೀರಲ್ಲ,” ಎಂದರು ಅವರು. ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. ನಿಜ ಹೇಳಲು ಬಾಯಿ ತೆರೆದೆ. ಹೇಗೆ ಶುರುಮಾಡುವುದು? ಮೇಡಂ, ನಾಲ್ಕು ದಿನದಿಂದ ನನಗೆ ಕಕ್ಕಸಿಗೆ ಆಗಿಲ್ಲ ಎಂದೇ? “ಬರ್ತೀನಿ ಮೇಡಂ,” ಎಂದು ಫೋನಿಟ್ಟೆ.

ಸೋಮವಾರ ಬೆಳಿಗ್ಗೆ ಬಟ್ಟಲಿನಲ್ಲಿ ಒಂದೇ ಮಾತ್ರೆ ಇತ್ತು. ಅಷ್ಟು ದೊಡ್ಡ ಬಟ್ಟಲಲ್ಲ, ಆದರೂ ಬಿಕೋ ಎನ್ನುತ್ತಿತ್ತು. ವರ್ಷದಿಂದೀಚೆಗೆ ಬಿಳಿ ಮಾತ್ರೆ ಇಲ್ಲದೆ ಸ್ಟುಡಿಯೋಗೆ ಹೋಗುವುದು ನನಗೆ ಅಂದೇ ಮೊದಲು. ಬಸ್ಸಿನಲ್ಲೇ ಹೊಟ್ಟೆ ತನ್ನ ತಾಲೀಮು ಶುರುಮಾಡಿತ್ತು. ಗಂಡ ರಜೆ ಹಾಕಿ ಜೊತೆಗೆ ಬಂದರು. ಸ್ಟುಡಿಯೋದ ಎದುರಿನ ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತು, “ನಾನಿಲ್ಲೇ ಇರ್ತೀನಿ, ನೀನು ಹೋಗ್ಬಾ,” ಎಂದರು.

ಹೊಸ ಹುಡುಗಿ ಆಗಲೇ ಬಂದಿದ್ದಳು. ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು. ನನ್ನನ್ನು ನೋಡಿದ ಕೂಡಲೇ ಎದ್ದು ನಿಂತಳು.

“ಆಂಟಿ, ನಿಮ್ಮ ಜೊತೆ ಟೆಸ್ಟ್ ಅಂದಾಗ ನಂಗೆ ಬರೋಕೇ ಭಯ ಆಯ್ತು. ನಾನು ಮೊಂಡನ್ನ ಕಲಿತಿದ್ದೇ ನಿಮ್ಮಿಂದ. ಒಂದು ವರ್ಷದಿಂದ ಒಂದು ಎಪಿಸೋಡೂ ಬಿಟ್ಟಿಲ್ಲ. ಮೊಬೈಲಲ್ಲಿ ಹಾಕ್ಕೊಂಡು ಒಂದೊಂದು ಉಸಿರನ್ನೂ ಪ್ರಾಕ್ಟೀಸ್ ಮಾಡಿದೀನಿ.”

‘ಆಂಟಿ’ ಎಂಬುದನ್ನು ನುಂಗಿಕೊಂಡೆ. ನುಂಗುವುದರಲ್ಲಿ ನಾನು ಪಳಗಿದವಳು. ಕೊಟ್ಟ ಸೀನು ಹೀಗಿತ್ತು: ಕಿರಿದಾದ ಸೇತುವೆಯ ಮೇಲೆ ಒಂದು ಬಾತುಕೋಳಿ ದಾರಿಗೆ ಅಡ್ಡ ನಿಂತಿದೆ. ಮೊಂಡ ಅದರ ಜೊತೆ ಜಗಳವಾಡಬೇಕು. ನಾನು ಮೊದಲು ಹೋದೆ.

“ಏ ಬಾತುಕೋಳಿ, ದಾರಿ ಬಿಡು. ಈ ಸೇತುವೆ ಏನು ನಿಮ್ಮಪ್ಪಂದಾ? ನಮ್ಮಪ್ಪಂದೂ ಅಲ್ಲ. ಅದಕ್ಕೇ ಹೇಳ್ತಿದೀನಿ, ನಾನು ಮೊದಲು.”

ಮೊದಲ ಸಲಕ್ಕೆ ಹೊಟ್ಟೆ ಗುರುಗುಟ್ಟಿತು. ಎರಡನೆಯ ಸಲಕ್ಕೆ ತೇಗು ಬಂತು. ಮೂರನೆಯ ಸಲ ಹೊಟ್ಟೆಯನ್ನು ಬಿಗಿಹಿಡಿದು, ತೇಗನ್ನು ನುಂಗಿ, ಹೇಗೋ ದಡ ಸೇರಿಸಿದೆ. ಬಾಗಿಲು ತೆರೆದು ಹೊರಗೆ ಬಂದಾಗ ಬೆನ್ನೆಲ್ಲ ಬೆವರು. ಕಿವಿಯಪ್ಪ ನನ್ನ ಮುಖ ನೋಡಲಿಲ್ಲ. ಮೇಡಂ ಹಾಳೆಯ ಮೇಲೆ ಏನೂ ಬರೆದುಕೊಳ್ಳಲಿಲ್ಲ. ನಾನು ಅವರ ಹಿಂದಿನ ಕುರ್ಚಿಯಲ್ಲಿ ಕೂತೆ. ಹುಡುಗಿ ಒಳಗೆ ಹೋದಳು.

ಅವಳು ಬಾಯಿ ತೆರೆದಾಗ ನಾನು ಕುರ್ಚಿಯಲ್ಲೇ ಮುಂದಕ್ಕೆ ಬಾಗಿದೆ. ಅವಳು ನಾನೇ ಆಗಿದ್ದಳು. ಪ್ರತಿ ಮಾತಿಗೆ ಮೊದಲು ಒಂದು ಚೂರು ಉಸಿರು ಬಿಗಿಹಿಡಿಯುತ್ತಿದ್ದಳು. ಮಾತಿನ ಕೊನೆಯನ್ನು ಎಳೆಯುತ್ತಿದ್ದಳು. ‘ನಿಮ್ಮಪ್ಪಂದಾ’ ಆದ ಮೇಲೆ ಗಂಟಲಿನಲ್ಲಿ ಒಂದು ಸಣ್ಣ ‘ಉಕ್’. ಆ ‘ಉಕ್’ ಅವಳು ಕಲಿತ ತೇಗು, ನಾನು ವರ್ಷದಿಂದ ನುಂಗುತ್ತಾ ಬಂದ ತೇಗು. ಎಳೆಯ, ಆರೋಗ್ಯವಾದ ಗಂಟಲನ್ನು ಅವಳು ಕಷ್ಟಪಟ್ಟು ದಪ್ಪ ಮಾಡಿಕೊಂಡು ನನ್ನ ಕಾಯಿಲೆಯನ್ನು ಒಂದು ಅಕ್ಷರವೂ ಬಿಡದೆ ಒಪ್ಪಿಸುತ್ತಿದ್ದಳು. ಅವಳ ಮೊಂಡನಿಗೂ ಹೊಟ್ಟೆ ಕಟ್ಟಿತ್ತು.

ಮೇಡಂ ಹೆಡ್‌ಫೋನು ತೆಗೆದು ನನ್ನ ಕಡೆ ತಿರುಗಿದರು.

“ಇಬ್ಬರದ್ದೂ ಒಂದೇ ಥರ ಇದೆ. ಹಾಗಿದ್ಮೇಲೆ ಬದಲಾಯಿಸಿ ಏನು ಪ್ರಯೋಜನ? ಹಳಬರೇ ಇರ್ಲಿ ಅಂತ ಬರೀತೀನಿ, ಬಿಡಿ.”

ನಾನು ಉಳಿದುಕೊಂಡಿದ್ದೆ. ಬಾಯಿ ಮುಚ್ಚಿಕೊಂಡು ಎದ್ದುಹೋದರೆ ಮೊಂಡ ನನ್ನವನೇ. ಆರು ವಾರ ಹೇಗೋ ತಳ್ಳಿದರೆ ಕಂಠವೂ ಬರುತ್ತಿತ್ತು, ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಸುಮ್ಮನಿರುವುದು ನನಗೇನು ಹೊಸದೇ? ನಲವತ್ತಾರು ವರ್ಷದ ಸಾಧನೆಯೇ ಅದು. ಗಾಜಿನಾಚೆ ಹುಡುಗಿ ಇನ್ನೂ ತನ್ನಷ್ಟಕ್ಕೆ ಅಭ್ಯಾಸ ಮಾಡುತ್ತಲೇ ಇದ್ದಳು. ನಿಮ್ಮಪ್ಪಂದಾ, ಉಕ್. ನಿಮ್ಮಪ್ಪಂದಾ, ಉಕ್. ಎಂಟು ವರ್ಷದ ಹುಡುಗ, ಚಂದ್ರನಿಗೆ ಬೈದವನು, ತೇಗು ನುಂಗುತ್ತಿದ್ದಾನೆ. ನನಗೆ ತಡೆಯಲಾಗಲಿಲ್ಲ.

“ಮೇಡಂ, ಅದು ಮೊಂಡ ಅಲ್ಲ,” ಎಂದೆ.

“ಅಂದ್ರೆ?”

“ಅದು ನನ್ನ ಥೈರಾಯ್ಡು. ಆ ಹುಡುಗಿ ಮಾಡ್ತಿರೋದು ನನ್ನ ಹೊಟ್ಟೆನ. ಗಂಟಲು ಅಂತ ನಿಮಗೆ ವರ್ಷದಿಂದ ಸುಳ್ಳು ಹೇಳ್ದೆ. ನನ್ನ ಮಾತ್ರೆ ಮೈಗೆ ಸೇರ್ತಾನೇ ಇರ್ಲಿಲ್ಲ. ಹೊಟ್ಟೆ ಕಟ್ಟತ್ತೆ, ಗ್ಯಾಸ್ ತುಂಬತ್ತೆ, ತೇಗು ಬರತ್ತೆ. ಮೈಕಿಗೆ ಕೇಳ್ಬಾರ್ದು ಅಂತ ಉಸಿರು ಹಿಡ್ಕೋತೀನಿ, ತೇಗು ನುಂಗ್ತೀನಿ. ಪಾಪ, ಅವಳು ಅದನ್ನೂ ಕಲ್ತಿದಾಳೆ. ಚಾನೆಲ್‌ನೋರು ಸರಿಯಾಗೇ ಹೇಳಿದಾರೆ. ಹುಡುಗನಿಗೆ ವಯಸ್ಸಾಗಿಲ್ಲ, ಹುಷಾರಿಲ್ಲ.”

ಇಷ್ಟು ಉದ್ದದ ಮಾತನ್ನು ನನ್ನ ಸ್ವಂತ ದನಿಯಲ್ಲಿ ಮೇಡಂ ಎದುರು ನಾನು ಆಡಿದ್ದು ಅದೇ ಮೊದಲು. ಕಿವಿಯಪ್ಪ ಕಂಪ್ಯೂಟರಿನಲ್ಲಿ ಹುಡುಕಿ ಎರಡು ವರ್ಷದ ಹಿಂದಿನ ಒಂದು ತುಣುಕು ಹಾಕಿದ. ಮೊಂಡ ಯಾರಿಗೋ ಬೈಯುತ್ತಿದ್ದ. ಮಾತುಗಳು ಗೋಲಿಯ ಹಾಗೆ ಪುಟಿಯುತ್ತಿದ್ದವು, ಒಂದರ ಬೆನ್ನಿಗೆ ಒಂದು, ನಡುವೆ ಎಲ್ಲೂ ಬಿಗಿ ಇಲ್ಲ. ಅದು ನಾನೇ ಎಂದು ನನಗೇ ನಂಬಲಾಗಲಿಲ್ಲ. ಮೇಡಂ ಸ್ಪೀಕರಿನ ಕಡೆ ತಿರುಗಿದರು.

“ಇಷ್ಟು ಬದಲಾಗಿದ್ದು ನಮಗೇ ಗೊತ್ತಾಗಿಲ್ವಲ್ಲ,” ಎಂದರು.

ನಾನು ಎದ್ದು ಗಾಜಿನ ಕೋಣೆಗೆ ಹೋದೆ. ಕಿವಿಯಪ್ಪ ಮಾತಿನ ಬಟನ್ ಆರಿಸಿರಲಿಲ್ಲ, ಹುಡುಗಿಗೆ ಹೆಡ್‌ಫೋನಿನಲ್ಲಿ ಎಲ್ಲವೂ ಕೇಳಿಸಿತ್ತು. ಅವಳ ಮುಖ ಕೆಂಪಾಗಿತ್ತು.

“ಆ ‘ಉಕ್’ ಅವನ ಸ್ಪೆಷಾಲಿಟಿ ಅಂದ್ಕೊಂಡಿದ್ದೆ ಆಂಟಿ. ಅದಕ್ಕೇ ಎಲ್ಲಕ್ಕಿಂತ ಜಾಸ್ತಿ ಕಷ್ಟಪಟ್ಟಿದ್ದೆ.”

“ಅದನ್ನ ಬಿಡು. ಉಸಿರು ಹಿಡೀಬೇಡ. ನಿನ್ನ ಹೊಟ್ಟೆ ಚೆನ್ನಾಗಿದೆ ತಾನೇ? ಹಾಗಿದ್ರೆ ಅದನ್ಯಾಕೆ ಹೀಗೆ ಹಿಂಡ್ತೀಯಾ? ಅವನು ಮಾತಾಡೋಕೆ ಮುಂಚೆ ಯೋಚನೆ ಮಾಡಲ್ಲ. ಮಾತು ಮೊದಲು ಬರತ್ತೆ, ಆಮೇಲೆ ಉಸಿರು.”

ನಾನು ಮಾಡಿ ತೋರಿಸಲು ಹೋದೆ. ಬಂದದ್ದು ದಪ್ಪ ಕಂಠವೇ. ಹೊಟ್ಟೆಯೂ ಜೊತೆಗೆ ದನಿಗೂಡಿಸಿತು. ಹುಡುಗಿ ನಗಲಿಲ್ಲ. ನಾನು ಬಾಯಲ್ಲಿ ಹೇಳುತ್ತಾ ಹೋದೆ, ಅವಳು ಮಾಡುತ್ತಾ ಹೋದಳು. ಕೊನೆಯನ್ನು ಎಳೆಯಬೇಡ, ಕಚ್ಚಿ ಬಿಡು. ‘ನಿಮ್ಮಪ್ಪಂದಾ’ ಅನ್ನುವಾಗ ಗದ್ದ ಮೇಲೆತ್ತು. ಅವನಿಗೆ ಬಾತುಕೋಳಿಯ ಭಯವಿದೆ, ಅದಕ್ಕೇ ಜೋರು. ಏಳು ವರ್ಷ ನಾನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನೆಲ್ಲ ಅವಳಿಗೆ ಸುರಿದೆ. ಹಿಡಿದಿಟ್ಟುಕೊಂಡು ಏನು ಮಾಡಲಿ? ನನ್ನ ಬಾಯಲ್ಲಿ ಅದು ಬರುತ್ತಿರಲಿಲ್ಲ.

ನಾಲ್ಕೈದು ಸಲ ಆದ ಮೇಲೆ ಅವನು ಬಂದ. ಏ ಬಾತುಕೋಳಿ, ದಾರಿ ಬಿಡು. ಅದೇ ಪುಟಿತ, ಅದೇ ಅಧಿಕಪ್ರಸಂಗ. ಕಿವಿಯಪ್ಪ ಗಾಜಿನಾಚೆ ತಲೆಯೆತ್ತಿದ. ನನ್ನ ಎದುರಿಗೆ, ಒಂದು ಗೇಣು ದೂರದಲ್ಲಿ, ಬೇರೆಯವಳ ಬಾಯಲ್ಲಿ ಮೊಂಡ ನಿಂತಿದ್ದ. ನನಗೆ ಹೊಟ್ಟೆ ಉರಿಯಿತು. ಆಸಿಡಿಟಿ ಅಲ್ಲ, ನಿಜವಾದ ಹೊಟ್ಟೆಕಿಚ್ಚು. ಅದರ ಜೊತೆಗೇ ಅವನು ಬದುಕಿದ್ದಾನಲ್ಲ ಎಂಬ ಖುಷಿಯೂ ಆಯಿತು, ಆ ಖುಷಿಯ ಮೇಲೂ ಸಿಟ್ಟು ಬಂತು.

“ಇವನೇ,” ಎಂದರು ಮೇಡಂ ಹೆಡ್‌ಫೋನಿನಲ್ಲಿ. ಆಮೇಲೆ ನನ್ನನ್ನು ಕೇಳಿದರು, “ನಿಮ್ಮದು ಸರಿಹೋಗೋಕೆ ಎಷ್ಟು ದಿನ ಆಗತ್ತಂತೆ?”

“ಆರು ವಾರ ಮೇಡಂ.”

“ಗುರುವಾರ ಮುಂದಿನ ಕಂತು ರೆಕಾರ್ಡಿಂಗ್ ಇದೆ.”

ಅವರು ಅಷ್ಟೇ ಹೇಳಿದರು. ಕೆಟ್ಟವರಲ್ಲ, ಹೇಳುವಾಗ ಕಣ್ಣು ತಪ್ಪಿಸಲಿಲ್ಲ. “ಆಯ್ತು ಮೇಡಂ” ಎನ್ನಲು ಬಾಯಿ ತೆರೆದೆ, ಯಾಕೋ ಆ ಮಾತು ಹೊರಡಲಿಲ್ಲ. “ಅವನನ್ನ ಚೆನ್ನಾಗಿ ನೋಡ್ಕೋ,” ಎಂದು ಹುಡುಗಿಗೆ ಹೇಳಿ ಹೊರಗೆ ಬಂದೆ.

ನಾನು ರಸ್ತೆ ದಾಟುತ್ತಲೇ ನನ್ನ ಗಂಡ ಬಸ್ ಸ್ಟಾಪಿನ ಬೆಂಚಿನಿಂದ ಎದ್ದು ಎದುರಿಗೆ ಬಂದರು.

“ಏನಾಯ್ತು?”

“ಮೊಂಡನಿಗೆ ಹುಷಾರಾಯ್ತು ರೀ.”

“ಮತ್ತೆ ನಿಂಗೆ?”

“ನಂಗೆ ಇನ್ನೂ ಆರು ವಾರ ಇದೆ,” ಎಂದೆ. ಎಂದವಳು ಅಲ್ಲೇ, ಬಸ್ಸಿಗೆ ಕಾಯುತ್ತಿದ್ದ ಅಷ್ಟೂ ಜನರ ಎದುರು, ಎಲ್ಲರಿಗೂ ಕೇಳಿಸುವ ಹಾಗೆ ಗಟ್ಟಿಯಾಗಿ ಅತ್ತುಬಿಟ್ಟೆ.